ಅಜ್ಜಿಯ ಒಡ್ಡು

ಬೆಳಗಾವಿಯ ರಾಮತೀರ್ಥ ನಗರದ ನಮ್ಮ ಬೀದಿಯಲ್ಲಿ ಮನೆ ಕಟ್ಟುವವರು ಮರಳಿಗೆ ನೀರು ಹೊಡೆದರೆ ಸಾಕು, ಆ ವಾಸನೆಗೆ ಈಗಲೂ ಕಾರವಾರದ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಪಾರಿಶ್ವಾಡದ ಹೊಲದಲ್ಲೇ ಬದುಕಿದ ಅಜ್ಜಿ ಅಂದು ಮೊದಲ ಸಲ ಸಮುದ್ರ ನೋಡಿದಳು. ತೆರೆ ದಂಡೆ ಕೊರೆಯುವುದನ್ನು ಕಂಡವಳೇ ಸೀರೆ ಎತ್ತಿ ಕಟ್ಟಿದಳು.

"ಮಣ್ಣು ಕೊಚ್ಚಿ ಹೊಂಟೈತಿ, ಒಡ್ಡು ಹಾಕೂಣು ಬರ್ರಿ!"

"ಯವ್ವಾ, ಇದು ಸಮುದ್ರ ಐತಿ, ನಮ್ಮ ಹೊಲ ಅಲ್ಲ," ಎಂದು ಅಪ್ಪ ನಕ್ಕ.

ಮೊಮ್ಮಕ್ಕಳೆಲ್ಲ ಬೊಗಸೆಯಲ್ಲಿ ಒದ್ದೆ ಮರಳು ತಂದು ಪೇರಿಸಿದೆವು. ಒಂದೇ ತೆರೆಗೆ ಎಲ್ಲ ಹೋಯಿತು. ಅಜ್ಜಿ ಹಿಂದೆ ಸರಿದು ಒಣ ಮರಳಿನಲ್ಲಿ ಗೆರೆ ಎಳೆದಳು.

"ಅದರ ಜಾಗಾ ಅದಕ್ಕ ಬಿಡೂಣು. ಇಲ್ಲಿ ಹಾಕ್ರಿ."

ದೊಡ್ಡ ತೆರೆಯೊಂದು ಬಂದು ಒಡ್ಡಿನ ಬುಡ ಮುಟ್ಟಿ ಹಿಂದಿರುಗಿತು. ನಾವು ಕುಣಿದಾಡಿದೆವು.

ಒಡ್ಡಿನ ಆಚೆ, ಸಮುದ್ರದ ಕಡೆ ಬಿಟ್ಟಿದ್ದ ಚಪ್ಪಲಿಯನ್ನು ಅದೇ ತೆರೆಗೆ ಕಳೆದುಕೊಂಡ ಅಪ್ಪ ಬೆಳಗಾವಿ ಬಸ್ಸನ್ನು ಬರಿಗಾಲಲ್ಲಿ ಹತ್ತಿದ.