ಫತ್ತೂಮಳ ತಳಿ

"ನಿಲ್ಸೋ," ಎಂದಳು ಫತ್ತೂಮ. ಬೋಗುಣಿಯ ಬಾಯಿಗೆ ಬಿಗಿದ ಬಟ್ಟೆಯ ಮೇಲೆ ಚರಸ್ ಪುಡಿಗಾಗಿ ಒಣ ಗಾಂಜಾ ಬಡಿಯುತ್ತಿದ್ದ ಅಣ್ಣನ ಮಗ ಅಯ್ಯಾದ್ ಕೋಲು ತಡೆದ. ಅವಳು ಬಟ್ಟೆಯಡಿ ಕೈ ತೂರಿಸಿ, ಸೋಸಿಬಿದ್ದ ಪುಡಿಯನ್ನು ಚಿಟಿಕೆಯಷ್ಟು ತೆಗೆದು, ಬೆರಳು ಬಿಸಿಯಾಗುವಂತೆ ತಿಕ್ಕಿ ಮೂಗಿಗೆ ಹಿಡಿದಳು.

"ಏನತ್ತೆ, ಹೆಣ್ಣು ನೋಡೋಕೆ ಬಂದೋರ ಹಾಗೆ! ಘಮ್ ಅಂತಿದೆಯಲ್ಲ."

"ನಿಂಬೆಹಣ್ಣಿನ ವಾಸನೆ ಕಣೋ ಇದು."

ಕೇತಾಮಾದ ಬೆಟ್ಟದವರೆಲ್ಲ ಹೊರದೇಶದ ಬೀಜಕ್ಕೆ ಬಿದ್ದಮೇಲೆ, ಅಜ್ಜಿಯ ಕಾಲದ ತಳಿ ಉಳಿದದ್ದು ಇವಳ ಹೊಲವೊಂದರಲ್ಲೇ. ಅದನ್ನು ತಿಕ್ಕಿದರೆ ದೇವದಾರು ಬೇರಿನ ಹಸಿ ಮಣ್ಣು, ಮೇಕೆಯ ತೊಗಲು, ಕರಿಮೆಣಸಿನ ಘಾಟು ಒಟ್ಟಿಗೇ ಏಳುತ್ತಿದ್ದವು. ಮತ್ತೆ ತಿಕ್ಕಿದಳು. ಮತ್ತೆ ನಿಂಬೆಯೇ.

"ಹೋದ ವರ್ಷ ಬೇಲಿ ಪಕ್ಕ ಏನು ಹಾಕಿದ್ದೆ?"

ಅಯ್ಯಾದ್ ತಲೆ ತಗ್ಗಿಸಿದ. "ಹೊರಗಿನ ಬೀಜ, ಅತ್ತೆ. ನಾಲ್ಕೇ ಗಿಡ, ನೋಡೋಣ ಅಂತ. ಗಂಡು ಹೂ ಬಿಟ್ಟ ಕೂಡ್ಲೇ ಕಿತ್ಹಾಕ್ದೆ."

"ಹೂ ಬಿಟ್ಟಮೇಲೆ ಕಿತ್ತೇನು ಬಂತೋ! ಅಷ್ಟರಲ್ಲಿ ಅದರ ಧೂಳು ನಮ್ಮ ಗಿಡಕ್ಕೆಲ್ಲ ಕೂತಿತ್ತು. ಆ ಬೀಜಾನೇ ಈ ವರ್ಷ ಬಿತ್ತಿದ್ದು."

"ಗಡಿಗೇಲಿ ಹಳೇ ಬೀಜ ಇರುತ್ತಲ್ಲ?"

"ಹೊಸದು ಕೈಗೆ ಬಂದಮೇಲೆ ಹಳೇದನ್ನ ಹುರಿದು ತಿನ್ನೋದಲ್ವೇನೋ ನಾವು? ನಿನ್ನ ಮಗಳಿಗೆ ಹೆಸರಿಟ್ಟ ದಿನ ನಾನೇ ಉಪ್ಪು ಹಾಕಿ ಹುರಿದು ಹಂಚಿದೆ. ನೀನೂ ಎರಡು ಮುಷ್ಟಿ ತಿಂದೆ."

ಅಯ್ಯಾದ್ ಕೋಲು ಕೆಳಗಿಟ್ಟ.

"ಹೊಡಿ," ಎಂದಳು. "ಬಿಸಿಲೇರಿದ್ರೆ ಪುಡಿ ಅಂಟ್ಕೊಳ್ಳುತ್ತೆ."

ಕೋಲು ಮತ್ತೆ ಬಡಿಯತೊಡಗಿತು. ಹುಡುಗಿಯಾಗಿದ್ದಾಗಿನಿಂದ ಆ ಧೂಳಲ್ಲೇ ಕೂತು ಬೆಳೆದ ಫತ್ತೂಮ, ತಲೆವಸ್ತ್ರದ ತುದಿ ಎಳೆದು ಮೊದಲ ಸಲ ಮೂಗು ಮುಚ್ಚಿ ಕಟ್ಟಿಕೊಂಡಳು.