ಸೂಜಿಯ ಎರಡು ತುಂಡು

ಸೂಜಿ ಶೃತಿಯ ತೋರುಬೆರಳಿಗೆ ಇಳಿದು ಕಟಕ್ಕನೆ ಮುರಿದಾಗ, ಆಂಧ್ರದ ರಾಯದುರ್ಗದ ಆ ಹೊಲಿಗೆ ತರಬೇತಿ ಕೇಂದ್ರದ ಹುಡುಗಿಯರೆಲ್ಲ ಒಟ್ಟಿಗೆ ಕಿರುಚಿದರು. ಕಿರುಚದೆ ಉಳಿದವಳು ಪಕ್ಕದ ಮೆಷಿನ್ನಿನ ತಿಪ್ಪಮ್ಮ ಒಬ್ಬಳೇ. ಅವಳು ಹಾರಿ ಬಂದು ಸ್ವಿಚ್ ಆರಿಸಿದಳು, ಶೃತಿಯ ಕಾಲನ್ನು ಪೆಡಲಿನಿಂದ ಒದ್ದು ಸರಿಸಿದಳು, ಗಾಲಿಯನ್ನು ಕೈಯಿಂದ ತಿರುಗಿಸಿ ಸೂಜಿ ಮೇಲೆತ್ತಿದಳು. ಬೆರಳಲ್ಲಿ ಉಳಿದ ಮೊನೆಯನ್ನು ಉಗುರಿನಿಂದ ಹಿಡಿದು ಎಳೆದು, ಬಟ್ಟೆ ಚೂರು ಸುತ್ತಿ ಬಿಗಿದಳು.

"ಅಯ್ಯಯ್ಯೋ, ಸತ್ತೆ ಕಣೆ!" ಎಂದಳು ಗುಡಿಬಂಡೆ ಕಡೆಯ ಶೃತಿ.

"ಸುಮ್ಕಿರು. ಸೂಜಿ ಚುಚ್ಚಿ ಯಾರೂ ಸತ್ತಿಲ್ಲ."

ಅಲ್ಲಿಗೇ ನಿಲ್ಲಿಸಿದ್ದರೆ ಆಗುತ್ತಿತ್ತು. ಪುಣ್ಯಾತ್ಗಿತ್ತಿ ನಿಲ್ಲಿಸಲಿಲ್ಲ. ಬೆರಳಿನಿಂದ ಕಿತ್ತ ಮೊನೆಯನ್ನೂ ಮೆಷಿನ್ನಿನಿಂದ ಬಿಚ್ಚಿದ ಮೋಟು ತುಂಡನ್ನೂ ಅಂಗೈ ಮೇಲೆ ಜೋಡಿಸಿಕೊಂಡು, ಹೊಲಿಗೆ ಕಲಿಸುವ ಶಾಂತಕುಮಾರಿಯ ಮುಂದೆ ಚಾಚಿದಳು. "ಎರಡೂ ತುಂಡು ಅದಾವ ನೋಡ್ರಿ ಮೇಡಂ. ಹೊಸಾದು ಕೊಡ್ರಿ."

ಶಾಂತಕುಮಾರಿಯ ಪಕ್ಕದಲ್ಲೇ ಅನಂತಪುರದಿಂದ ತಪಾಸಣೆಗೆ ಬಂದಿದ್ದ ಅಧಿಕಾರಿ ರಘುನಾಥ್ ನಿಂತಿದ್ದ. ಮುರಿದ ಸೂಜಿಯ ಎರಡೂ ತುಂಡು ಒಪ್ಪಿಸಿದರೇ ಹೊಸ ಸೂಜಿ ಎಂಬುದು ಜೀನ್ಸ್ ಹೊಲಿಯುವ ಷೆಡ್ಡುಗಳ ಪದ್ಧತಿ. ಒಂದು ಚೂರು ಪ್ಯಾಂಟಿನಲ್ಲಿ ಉಳಿದರೂ ತೊಡುವವರಿಗೆ ಚುಚ್ಚುತ್ತದೆ. ಇದು ರಾಯದುರ್ಗದ ಅರ್ಧ ಊರಿಗೆ ಗೊತ್ತು. ಆದರೆ 'ಮೆಷಿನ್ ಮುಟ್ಟಿಯೇ ಇಲ್ಲ' ಎಂದು ಮೂರು ವಾರದ ಹಿಂದೆ ಬರೆದುಕೊಟ್ಟು ಸೇರಿದ ಹುಡುಗಿಗೆ ಗೊತ್ತಿರಬಾರದು.

ತಿಪ್ಪಮ್ಮ ಯಾಕೆ ಹಾಗೆ ಬರೆದುಕೊಟ್ಟಳು ಅನ್ನುತ್ತೀರಾ? ಸ್ಕೂಲು ಬಿಟ್ಟ, ಎಲ್ಲೂ ಕೆಲಸ ಮಾಡದ ಮಕ್ಕಳಿಗೆ ಮಾತ್ರ ಅಲ್ಲಿ ಸೀಟು. ಬೆಳಿಗ್ಗೆ ಹೊಲಿಗೆ, ಮಧ್ಯಾಹ್ನ ಟೆಂತ್ ಪರೀಕ್ಷೆಗೆ ಪಾಠ. ಹೊಲಿಗೆ ಅವಳಿಗೆ ಸಾಕಾಗಿ ಹೋಗಿತ್ತು. ಬೇಕಾಗಿದ್ದದ್ದು ಮಧ್ಯಾಹ್ನದ ಪಾಠ. ಟೆಂತ್ ಪಾಸಾದರೆ ಮೆಷಿನ್ನಿಗೊಂದು ನಮಸ್ಕಾರ ಹಾಕಿ ಬೇರೆ ಕೆಲಸ ನೋಡಬಹುದು. ಅದಕ್ಕೇ ಉಗುರಿಗೆ ಹತ್ತಿದ ಜೀನ್ಸಿನ ನೀಲಿಯನ್ನು ನಿಂಬೆಹಣ್ಣು ಹಾಕಿ ಉಜ್ಜಿ ಉಜ್ಜಿ ತೆಗೆದು, ಕಣೇಕಲ್ಲಿನಿಂದ ದಿನಾ ಬಸ್ಸು ಹತ್ತಿ ಬರುತ್ತಿದ್ದಳು. ಗೆರೆ ಎಳೆದ ಕಾಗದದ ಮೇಲೆ ದಾರವಿಲ್ಲದ ಸೂಜಿ ಓಡಿಸಿ ಕಲಿಯುವ ಪಾಠದಲ್ಲಿ ಬೇಕೆಂದೇ ಸೊಟ್ಟ ಹೊಲಿಯುತ್ತಿದ್ದಳು. ಶಾಂತಕುಮಾರಿಯೇನು ದಡ್ಡಿಯಲ್ಲ. ಆ ಸೊಟ್ಟ ಸರಿಯಾಗಿ ನಾಲ್ಕು ನಾಲ್ಕು ಬೆರಳಗಲಕ್ಕೊಮ್ಮೆ ಬರುವುದನ್ನು ಮೊದಲ ವಾರವೇ ಕಂಡಿದ್ದಳು. ಕಂಡೂ ಬಾಯಿ ಮುಚ್ಚಿಕೊಂಡಿದ್ದಳು.

"ಏಮ್ಮಾ, ಷೆಡ್ಡಲ್ಲಿ ಎಷ್ಟು ವರ್ಷ ಇದ್ದೆ?" ರಘುನಾಥ್ ಕೇಳಿದ.

ತಿಪ್ಪಮ್ಮ ಮೇಡಂ ಮುಖ ನೋಡಿದಳು. ಮೇಡಂ ಗೋಡೆ ನೋಡಿದಳು.

"ಏಳು ವರ್ಷ, ಸಾರ್."

"ಈಗ ವಯಸ್ಸೆಷ್ಟು?"

"ಹದಿನೆಂಟು."

ಪೆನ್ನು ನಿಂತಿತು. ಹದಿನೆಂಟರಲ್ಲಿ ಏಳು ಕಳೆಯಲು ಟೆಂತ್ ಪಾಸಾಗಬೇಕಿಲ್ಲ. ಏಳು ವರ್ಷ ಎಂದು ಬರೆದರೆ, ಹನ್ನೊಂದರ ಮಗುವನ್ನು ಮೆಷಿನ್ನಿಗೆ ಕೂರಿಸಿದವರು ಯಾರು, ಆಗ ನೀವೆಲ್ಲ ಏನು ಮಾಡುತ್ತಿದ್ದಿರಿ ಎಂದು ಮೇಲಿನವರು ಕೇಳುತ್ತಾರೆ. ರಘುನಾಥ್ ಕೆಟ್ಟವನಲ್ಲ, ಅಂಜುಬುರುಕ. ಕೆಟ್ಟವನಾದರೂ ವಾಸಿಯಿತ್ತು, ಬೈಯಬಹುದಿತ್ತು.

"ಇದೊಂದು ಸಲ ಬಿಟ್ಬಿಡ್ರಿ ಸಾರ್. ಪರೀಕ್ಷಿ ಆಗೋತನಕ," ಎಂದಳು ಶಾಂತಕುಮಾರಿ.

"ಕೆಲ್ಸ ಮಾಡ್ದೋಳನ್ನ ಇಟ್ಕೊಂಡು, ಇವಳೊಬ್ಬಳಿಗಾಗಿ ಸೆಂಟರ್ ಮುಚ್ಚಿಸ್ಲಾ ಮೇಡಂ? ಉಳಿದೋರ ಗತಿ?"

ಅವನು ತೆಲುಗಿನಲ್ಲಿ ಒಂದೇ ಸಾಲು ಬರೆದ: 'ತನ್ನ ಸ್ವಂತ ಇಷ್ಟದಿಂದ ತರಬೇತಿ ಬಿಟ್ಟಿದ್ದಾಳೆ.' ಕಾಗದವನ್ನು ಅವಳ ಕಡೆ ತಿರುಗಿಸಿದ. ತಿಪ್ಪಮ್ಮ ಅಕ್ಷರ ಕೂಡಿಸಿ ಕೂಡಿಸಿ ಪೂರ್ತಿ ಓದಿದಳು.

"ಐದನೇ ಕ್ಲಾಸು ಬಿಡಿಸಿದಾಗ್ಲೂ ಹಿಂಗ ಬರ್ದಿದ್ರು ಸಾರ್," ಎಂದು ಸಹಿ ಹಾಕಿದಳು. ಅವನು ಕಾಗದ ಎಳೆದುಕೊಂಡು ಫೈಲಿಗೆ ಸೇರಿಸಿದ.

ಅವನು ಆಚೆ ಸಾಲಿನ ಹುಡುಗಿಯರ ಫೋಟೋ ತೆಗೆಯಲು ಹೋದದ್ದೇ ತಡ, ಶಾಂತಕುಮಾರಿ ಹಲ್ಲು ಕಡಿದಳು. "ನಿನ್ನ ಕೈ ಸೇದ್ಹೋಗ್ಲಿ! ಆ ಹಾಳು ತುಂಡು ಯಾಕ ಜೋಡ್ಸಾಕ ಹೋದಿ?"

"ಗ್ಯಾನಾನ ಬರಲಿಲ್ರಿ ಮೇಡಂ. ಕೈ ತಾನಾ ಹೋತು." ತಿಪ್ಪಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. "ನೆಟ್ಟಗ ಹೊಲಿಯಾದು ಕಲಿಯಾಗ ಭಾಳ ಹೊಡ್ತ ತಿಂದೀನ್ರಿ. ಸೊಟ್ಟ ಹೊಲಿಯಾದು ಅದಕ್ಕಿಂತ ಕಷ್ಟ ಆತ್ರಿ."

ಶಾಂತಕುಮಾರಿ ಹೊಸದೊಂದು ಹಾಳೆಗೆ ಗೆರೆ ಎಳೆದು ತಿಪ್ಪಮ್ಮನ ಮೆಷಿನ್ನಿನ ಮೇಲೆ ಇಟ್ಟಳು. "ಹೋಗೋಕಿಂತ ಮುಂಚೆ ಇದೊಂದು ಹೊಲಿದು ಹೋಗವ್ವ. ನಾಟಕ ಬ್ಯಾಡ. ನಿನ್ನ ಹೊಲಿಗಿ ನಾನೂ ಒಮ್ಮೆ ನೋಡ್ತೀನಿ."

ತಿಪ್ಪಮ್ಮ ಕೂತಳು. ಸೂಜಿ ಗೆರೆ ಬಿಟ್ಟು ಕೂದಲೆಳೆಯಷ್ಟೂ ಸರಿಯದೆ ಈ ತುದಿಯಿಂದ ಆ ತುದಿಗೆ ಓಡಿತು. ಅವಳು ಹಾಳೆಯ ಕಡೆ ಒಮ್ಮೆಯೂ ನೋಡಲಿಲ್ಲ. ತೆರೆದ ಬಾಗಿಲಾಚೆಯ ಕೋಣೆಯಲ್ಲಿ, ಮಧ್ಯಾಹ್ನದ ಪಾಠಕ್ಕೆಂದು ಯಾರೋ ಆಗಲೇ ಬೋರ್ಡಿನ ಮೇಲೆ ಲೆಕ್ಕವೊಂದನ್ನು ಬರೆದಿಟ್ಟಿದ್ದರು. ಅವಳ ತುಟಿ ಅದನ್ನು ಬಿಡಿಸುತ್ತಿತ್ತು.