ಸಾಲುಜಡೆ

ಭಾನುವಾರ ಇಡೀ ಕೂತು ಅವ್ವ ಹೆಣೆದ ಜಡೆಗಳು ಅವು. ಮಗಳ ಗುಂಗುರು ಕೂದಲಿಗೆ ಸಣ್ಣ ಸಣ್ಣ ಬೈತಲೆ ತೆಗೆದು, ಹಣೆಯಿಂದ ಕತ್ತಿನವರೆಗೆ ನೆತ್ತಿಗೆ ಅಂಟಿದಂತೆ ಸಾಲುಸಾಲಾಗಿ ಹೆಣೆದಿದ್ದಳು.

ಸೋಮವಾರ ಶಾಲೆಯಲ್ಲಿ ಪ್ರಾರ್ಥನೆಯ ಹೊತ್ತಿಗೆ ಮುಖ್ಯೋಪಾಧ್ಯಾಯಿನಿ ದೊಡ್ಡಕ್ಕೋರು ಹುಡುಗಿಯನ್ನು ಮುಂದೆ ಕರೆದರು.

“ಇದೇನು ತಲೆಯೋ, ಉತ್ತ ಹೊಲವೋ? ಬಿಚ್ಚು.”

“ನಮ್ಮ ಕೂದ್ಲ ಹಿಂಗ ಹೆಣದ್ರನ ನಿಲ್ತಾವ್ರಿ ಅಕ್ಕೋರ.”

“ನಿಮ್ಮ ಸಿದ್ದಿ ಶೋಕಿಯೆಲ್ಲ ಮನೇಲಿಟ್ಟು ಬಾ. ಶಾಲೆಗೆ ಎಣ್ಣೆ ಹಚ್ಚಿದ ಎರಡು ಜಡೆ, ಕೆಂಪು ರಿಬ್ಬನ್. ಗೊತ್ತಾಯ್ತಾ?”

ಇಡೀ ಶಾಲೆಯೆದುರು ನಿಂತು ಅವಳು ಒಂದೊಂದೇ ಜಡೆ ಬಿಚ್ಚಿದಳು. ಅಳಲಿಲ್ಲ.

ವಾರ್ಷಿಕೋತ್ಸವ ಹತ್ತಿರ ಬಂದಾಗ ದೊಡ್ಡಕ್ಕೋರ ದನಿ ಬೆಣ್ಣೆಯಾಗಿತ್ತು.

“ದೊಡ್ಡ ಅತಿಥಿಗಳು ಬರ್ತಿದ್ದಾರೆ ಪುಟ್ಟಿ. ಅವರಿಗೆ ನಿಮ್ಮ ಸಿದ್ದಿ ಕುಣಿತ ನೋಡಬೇಕಂತೆ. ನೀನೇ ಮುಂದೆ ನಿಲ್ಲಬೇಕು. ಆವತ್ತಿನ ಆ ಸಾಲುಜಡೆ ಹಾಕಿಸ್ಕೊಂಡು ಬಾ, ಫೋಟೊದಲ್ಲಿ ಚೆನ್ನಾಗಿ ಕಾಣುತ್ತೆ.”



ಆ ದಿನ ಪರದೆ ಸರಿಯಿತು. ಎಲ್ಲರಿಗಿಂತ ಮುಂದೆ ಅವಳೇ ನಿಂತಿದ್ದಳು. ಎಣ್ಣೆ ಸುರಿಯುವ ಎರಡು ಜಡೆ, ಕೆಂಪು ರಿಬ್ಬನ್ ಕಟ್ಟಿಸಿಕೊಂಡು, ಕಿವಿಗಳ ಮೇಲೆ ಕೊಂಬಿನಂತೆ ನೆಟ್ಟಗೆ ನಿಂತಿದ್ದವು. ಮುಂದಿನ ಸಾಲಿನ ಅತಿಥಿಗಳು ಮುಖ ಮುಖ ನೋಡಿಕೊಂಡರು.

ವೇದಿಕೆಯ ಪಕ್ಕದಿಂದ ದೊಡ್ಡಕ್ಕೋರು ಹಲ್ಲು ಕಡಿದರು. “ಆ ಜಡೆ ಎಲ್ಲೇ?”

ಹುಡುಗಿ ಮೈಕಿನ ಹತ್ತಿರ ಬಾಯಿ ತಂದಳು.

“ನೀವು ಹೇಳಿದಂಗ ಮನ್ಯಾಗ ಇಟ್ಟು ಬಂದೀನ್ರಿ ಅಕ್ಕೋರ.”